ಅಳಿಸಿಹೋದ ಟಿಪ್ಪಣಿಗಳು: ಕ್ಲೌಡ್ ಸಂಗ್ರಹದಿಂದ ಮರಳಿ ಪಡೆಯುವ ಬಗೆ

ಓಲೆಗರಿಯ ಕಾಲದಲ್ಲಿ ಒಂದು ಕೃತಿ ಉಳಿಯಬೇಕಾದರೆ ಯಾರಾದರೂ ಅದನ್ನು ಪ್ರತಿ ಮಾಡಬೇಕಿತ್ತು. ಮಾಡುವವರು ಸಿಗದಿದ್ದರೆ ಕವಿಯ ಕೀರ್ತಿಯೂ ಕಾವ್ಯವನ್ನು ಕಾಯುತ್ತಿರಲಿಲ್ಲ. ಪೊನ್ನನ ಭುವನೈಕರಾಮಾಭ್ಯುದಯ, ರನ್ನನ ಪರಶುರಾಮಚರಿತ, ಅಸಗನ ಕನ್ನಡ ಕಾವ್ಯ ಇವೆಲ್ಲ ನಮಗೆ ಹೆಸರಾಗಿ ಮಾತ್ರ ಉಳಿದಿವೆ. ಇಂದು ನಾವು ಫೋನಿನಲ್ಲಿ ಬರೆದಿಡುವ ಟಿಪ್ಪಣಿಗೆ ನಾವು ಕೇಳದೆಯೇ ಹಲವು ಪ್ರತಿಗಳು ಹುಟ್ಟುತ್ತವೆ: ಫೋನಿನಲ್ಲೊಂದು, ಟ್ಯಾಬ್ಲೆಟ್ಟಿನಲ್ಲೊಂದು, ಸಂಸ್ಥೆಯ ಸರ್ವರುಗಳಲ್ಲಿ ಕೆಲವು. ಆದರೂ ಒಂದು ಬೆರಳಿನ ಒತ್ತುವಿಕೆಯಿಂದ ಅವೆಲ್ಲವೂ ಒಟ್ಟಿಗೆ ಮಾಯವಾಗುತ್ತವೆ. ಇದು ಹೇಗೆ ಆಗುತ್ತದೆ, ಆದಾಗ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ನಾನು ವೃತ್ತಿಯಿಂದ ವೈದ್ಯ, ತಂತ್ರಜ್ಞನಲ್ಲ. ಆದರೆ ಫುಕುವೋಕಾದಲ್ಲಿ ನಾನು ಬಲ್ಲ ಕನ್ನಡ ಕುಟುಂಬಗಳು ಹೆಚ್ಚಿಲ್ಲದ ಕಾರಣ, ಜ್ವರಕ್ಕೂ ಫೋನಿನ ತೊಂದರೆಗೂ ಒಬ್ಬನನ್ನೇ ಕೇಳುವ ರೂಢಿ ಇಲ್ಲಿ ಬೆಳೆದಿದೆ.

ಅಳಿಸುವ ಗುಂಡಿಯನ್ನು ಒತ್ತಿದಾಗ ಅಕ್ಷರಗಳು ಆ ಕ್ಷಣವೇ ನಾಶವಾಗುವುದಿಲ್ಲ. ಟಿಪ್ಪಣಿಯ ಮೇಲೆ ‘ಇದು ಅಳಿದಿದೆ’ ಎಂಬ ಗುರುತು ಮತ್ತು ಆ ಹೊತ್ತಿನ ಸಮಯ ದಾಖಲಾಗುತ್ತವೆ. ಗಣಕವಿಜ್ಞಾನದವರು ಈ ಗುರುತನ್ನು ಗೋರಿಕಲ್ಲು ಎಂದು ಕರೆಯುತ್ತಾರೆ. ನಮ್ಮ ಕಡೆಯವರಿಗೆ ಮಾಸ್ತಿಗಲ್ಲು, ವೀರಗಲ್ಲುಗಳು ನೆನಪಾದಾವು. ಈ ಕಲ್ಲು ಇಲ್ಲದಿದ್ದರೆ ಒಂದು ವಿಚಿತ್ರ ನಡೆಯುತ್ತಿತ್ತು: ವಾರದಿಂದ ಆರಿಸಿಟ್ಟಿದ್ದ ಟ್ಯಾಬ್ಲೆಟ್ ಮತ್ತೆ ಜಾಲಕ್ಕೆ ಸೇರಿದೊಡನೆ ತನ್ನಲ್ಲಿದ್ದ ಹಳೆಯ ಟಿಪ್ಪಣಿಯನ್ನು ಹೊಸತೆಂದು ಭಾವಿಸಿ ಎಲ್ಲೆಡೆಗೂ ಮರಳಿ ಕಳುಹಿಸುತ್ತಿತ್ತು. ಅದನ್ನು ತಡೆಯಲೆಂದೇ ಅಳಿಸಿದ ಸುದ್ದಿಯನ್ನು ಸರ್ವರ್ ಎಲ್ಲ ಸಾಧನಗಳಿಗೂ ಮುಟ್ಟಿಸುತ್ತದೆ. ಸಿಂಕ್ ಎಂಬ ಕ್ರಿಯೆಗೆ ಬರಹವೂ ಒಂದೇ, ಅಳಿವೂ ಒಂದೇ. ಎರಡನ್ನೂ ಅಷ್ಟೇ ನಿಷ್ಠೆಯಿಂದ ಸಾಗಿಸುತ್ತದೆ. ಅನೇಕರು ಸಿಂಕನ್ನೇ ಬ್ಯಾಕಪ್ ಎಂದು ನಂಬಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಒಂದೇ ಟಿಪ್ಪಣಿಯನ್ನು ಎರಡು ಸಾಧನಗಳಲ್ಲಿ ತಿದ್ದಿದಾಗಲೂ ಬರಹ ಕಳೆದುಹೋಗಬಹುದು. ಕೆಲವು ವ್ಯವಸ್ಥೆಗಳು ಎರಡನ್ನೂ ಉಳಿಸಿಕೊಂಡು ಒಂದಕ್ಕೆ ‘ಸಂಘರ್ಷದ ಪ್ರತಿ’ ಎಂದು ಹೆಸರಿಡುತ್ತವೆ. ಡ್ರಾಪ್‌ಬಾಕ್ಸ್ ಹೀಗೆ ಮಾಡುತ್ತದೆ. ಇನ್ನು ಕೆಲವು ಸಮಯವನ್ನು ನೋಡಿ, ಕೊನೆಗೆ ತಿದ್ದಿದ್ದನ್ನು ಇಟ್ಟುಕೊಂಡು ಹಿಂದಿನದನ್ನು ಬಿಡುತ್ತವೆ. ಆಗ ಸಾಧನದ ಗಡಿಯಾರ ಸರಿಯಾಗಿರುವುದು ಮುಖ್ಯವಾಗುತ್ತದೆ. ಪ್ರಸಂಗವಶಾತ್ ಒಂದು ಮಾತು: ನಮ್ಮ ಊರಿನ ಫುಕುವೋಕಾ ವಿಶ್ವವಿದ್ಯಾಲಯವು 1993ರಿಂದ ಅಂತರ್ಜಾಲದಲ್ಲಿ ಸರಿಯಾದ ಸಮಯವನ್ನು ಉಚಿತವಾಗಿ ತಿಳಿಸುವ ಸೇವೆಯನ್ನು ನಡೆಸಿತು. ಎಲ್ಲೆಲ್ಲಿಯೋ ತಯಾರಾದ ಉಪಕರಣಗಳಲ್ಲಿ ಅದರ ವಿಳಾಸವನ್ನೇ ಅಚ್ಚೊತ್ತಿದಂತೆ ಬರೆದಿಟ್ಟಿದ್ದರಿಂದ, ‘ಗಂಟೆ ಎಷ್ಟು’ ಎಂದು ಕೇಳುವ ಯಂತ್ರಗಳ ನೂಕುನುಗ್ಗಲು ವಿಶ್ವವಿದ್ಯಾಲಯಕ್ಕೆ ದೊಡ್ಡ ಹೊರೆಯಾಯಿತು. ಉಪಕಾರಕ್ಕೆ ಸಂದ ಪ್ರತಿಫಲ!

ಟಿಪ್ಪಣಿ ಕಾಣೆಯಾಗಿದೆ ಎಂದು ತಿಳಿದೊಡನೆ ಮಾಡಬೇಕಾದ ಪ್ರಥಮ ಚಿಕಿತ್ಸೆ ಸರಳವಾದದ್ದು. ಅದೇ ಖಾತೆಯನ್ನು ಬಳಸುವ, ಕೆಲವು ದಿನಗಳಿಂದ ತೆರೆಯದ ಬೇರೊಂದು ಸಾಧನ ಮನೆಯಲ್ಲಿದೆಯೇ ಎಂದು ನೆನಪಿಸಿಕೊಳ್ಳಬೇಕು. ಹಳೆಯ ಫೋನು, ಮಕ್ಕಳ ಟ್ಯಾಬ್ಲೆಟ್ಟು, ಕಪಾಟಿನ ಲ್ಯಾಪ್‌ಟಾಪು ಯಾವುದಾದರೂ ಸರಿ. ಗೋರಿಕಲ್ಲಿನ ಸುದ್ದಿ ಅದಕ್ಕೆ ಇನ್ನೂ ಮುಟ್ಟಿರಲಾರದು. ಮನೆಯ ವೈಫೈ ರೂಟರನ್ನು ಮೊದಲು ಆರಿಸಿ, ಸಾಧನದಲ್ಲಿ ಸಿಮ್ ಇದ್ದರೆ ಅದನ್ನು ತೆಗೆದು, ಅನಂತರ ಅದನ್ನು ತೆರೆಯಬೇಕು. ಟಿಪ್ಪಣಿ ಕಂಡರೆ ಬೇರೆ ಫೋನಿನಿಂದ ಪರದೆಯ ಚಿತ್ರ ತೆಗೆಯುವುದೇ ಅತ್ಯಂತ ಭದ್ರವಾದ ಉಪಾಯ. ನೋಡಲು ಸೊಗಸಲ್ಲ, ಆದರೆ ಫಲಿಸುತ್ತದೆ. ‘ಅಳಿಸಿದ್ದನ್ನು ಮರಳಿ ತರುತ್ತೇವೆ’ ಎಂದು ಸಾರುವ ತಂತ್ರಾಂಶಗಳಿಗೆ ಹಣ ಕೊಡಬಾರದು. ಈಗಿನ ಫೋನುಗಳ ಸಂಗ್ರಹವೆಲ್ಲ ಗೂಢಲಿಪಿಯಲ್ಲಿರುವುದರಿಂದ, ಅಳಿಸಿದ ಕಡತದ ಚೂರುಗಳನ್ನು ಹೆಕ್ಕುವ ಹಳೆಯ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಸರ್ವರಿನೊಳಕ್ಕಂತೂ ಆ ತಂತ್ರಾಂಶಗಳಿಗೆ ಪ್ರವೇಶವೇ ಇಲ್ಲ.

ಎರಡನೆಯದಾಗಿ, ಟಿಪ್ಪಣಿ ನಿಜವಾಗಿಯೂ ಅಳಿದಿದೆಯೇ ಎಂದು ನೋಡಬೇಕು. ನಾನು ಕಂಡ ಪ್ರಸಂಗಗಳಲ್ಲಿ ಹೆಚ್ಚಿನವು ಅಳಿವಲ್ಲ, ಅಗಲಿಕೆ. ತೀರ್ಥಹಳ್ಳಿಯ ಕಡೆಯ ಒಬ್ಬ ಮಹಿಳೆ ಟೋಕಿಯೋದಿಂದ ಫುಕುವೋಕಾಕ್ಕೆ ಬಂದು ನೆಲಸಿದರು. ಅವರ ತಾಯಿ ಬದುಕಿದ್ದಾಗ ಪ್ರತಿ ಭಾನುವಾರ ಊರಿನಿಂದ ಫೋನ್ ಮಾಡಿ ತಾವು ಬಲ್ಲ ಸೋಬಾನೆಯ ಹಾಡುಗಳನ್ನು ಒಂದೊಂದಾಗಿ ಹೇಳುತ್ತಿದ್ದರಂತೆ. ಮಗಳು ಅವನ್ನು ಐಫೋನಿನ ನೋಟ್ಸ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ಹೊಸ ಊರಿಗೆ ಬಂದಮೇಲೆ, ಬೇಡವೆನಿಸಿದ ಒಂದು ಹಳೆಯ ಜಿಮೇಲ್ ಖಾತೆಯನ್ನು ಅವರು ಫೋನಿನಿಂದ ತೆಗೆದುಹಾಕಿದರು. ಕೆಲವು ತಿಂಗಳಾದ ಮೇಲೆ ನೋಡಿದರೆ ಹಾಡುಗಳೆಲ್ಲ ಕಾಣೆ. ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅಳಿಸಿದ ಟಿಪ್ಪಣಿಗಳ ಕಡತಕೋಶದಲ್ಲಿಯೂ ಏನೂ ಇರಲಿಲ್ಲ. ಅಲ್ಲಿ ಇರುವಂತೆಯೂ ಇರಲಿಲ್ಲ, ಏಕೆಂದರೆ ಯಾರೂ ಯಾವುದನ್ನೂ ಅಳಿಸಿರಲಿಲ್ಲ. ಐಫೋನಿನ ನೋಟ್ಸ್ ಒಂದೇ ಪುಸ್ತಕದಂತೆ ಕಂಡರೂ ಅದರ ಹಾಳೆಗಳು ಬೇರೆ ಬೇರೆ ಖಾತೆಗಳಿಗೆ ಸೇರಿರಬಹುದು: ಕೆಲವು ಐಕ್ಲೌಡಿಗೆ, ಕೆಲವು ಆ ಫೋನಿಗೆ ಮಾತ್ರ, ಕೆಲವು ಜಿಮೇಲಿಗೆ. ಖಾತೆಯನ್ನು ತೆಗೆದರೆ ಅದರ ಹಾಳೆಗಳೂ ಜೊತೆಗೆ ಹೋಗುತ್ತವೆ. ಆ ಹಳೆಯ ಜಿಮೇಲನ್ನು ಗಣಕದಲ್ಲಿ ತೆರೆದಾಗ ‘ನೋಟ್ಸ್’ ಎಂಬ ಹೆಸರಿನಡಿಯಲ್ಲಿ ಹಾಡುಗಳೆಲ್ಲ ಇದ್ದವು. ಅದು ಅವರ ಸ್ವಂತ ಖಾತೆಯಾಗಿದ್ದುದು ಅದೃಷ್ಟ. ಉದ್ಯೋಗದಾತರು ಕೊಟ್ಟ ಖಾತೆಯಾಗಿದ್ದರೆ ಕೆಲಸ ಬಿಟ್ಟಾಗಲೇ ಬಾಗಿಲು ಮುಚ್ಚಿರುತ್ತಿತ್ತು.

ನಿಜವಾಗಿಯೂ ಅಳಿಸಿದ್ದರೆ ಅವಧಿಯ ಲೆಕ್ಕ ಆರಂಭವಾಗುತ್ತದೆ. ಗೂಗಲ್ ಕೀಪ್‌ನ ಕಸದಬುಟ್ಟಿಯಲ್ಲಿ ಟಿಪ್ಪಣಿ ಉಳಿಯುವುದು ಕೇವಲ 7 ದಿನ. ಇದು ಬಹಳ ಕಡಿಮೆ ಎಂದೇ ನನ್ನ ಅಭಿಪ್ರಾಯ. ಕೀಪ್‌ನಲ್ಲಿ ಬದಿಗಿರಿಸಿದ ಆರ್ಕೈವ್ ಬೇರೆ, ಕಸದಬುಟ್ಟಿ ಬೇರೆ, ಎರಡನ್ನೂ ನೋಡಬೇಕು. ಆಪಲ್ ನೋಟ್ಸ್ ಮತ್ತು ನೋಶನ್ 30 ದಿನ ಕೊಡುತ್ತವೆ. ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ ಹಿಂದೆ ನಾವೇ ಖಾಲಿ ಮಾಡುವವರೆಗೂ ಎಲ್ಲವೂ ಇರುತ್ತಿತ್ತು. 2020ರ ಅಕ್ಟೋಬರ್ 13ರಿಂದ ಅಲ್ಲಿಯೂ 30 ದಿನ. ಒನ್‌ನೋಟ್‌ನಲ್ಲಿ ಅಳಿಸಿದ ಪುಟಕ್ಕೆ 60 ದಿನ. ಒನ್‌ಡ್ರೈವ್ ಸ್ವಂತ ಖಾತೆಗೆ 30 ದಿನವಾದರೆ ಕಚೇರಿ, ಶಾಲೆಗಳ ಖಾತೆಗೆ ಸಾಮಾನ್ಯವಾಗಿ 93 ದಿನ. ಕಚೇರಿಯ ಗೂಗಲ್ ಖಾತೆಯಾದರೆ ಇನ್ನೊಂದು ಅನುಕೂಲವಿದೆ: ಡ್ರೈವ್‌ನ ಕಸದಬುಟ್ಟಿಯಿಂದಲೂ ಹೋದ ಕಡತವನ್ನು ಮುಂದಿನ 25 ದಿನಗಳೊಳಗೆ ಅಲ್ಲಿನ ನಿರ್ವಾಹಕರು ಮರಳಿ ತರಬಲ್ಲರು. ಸಂಕೋಚಪಡದೆ ಕೇಳಬೇಕು. ಅವಧಿ ಮೀರಿದ ಮೇಲೆಯೂ ಸಂಸ್ಥೆಗಳ ಒಳಗಿನ ಬ್ಯಾಕಪ್‌ಗಳಲ್ಲಿ ಬರಹ ಕೆಲಕಾಲ ಇರುತ್ತದೆ. ಗೂಗಲ್ ಇದನ್ನು 6 ತಿಂಗಳವರೆಗೆ ಎನ್ನುತ್ತದೆ. ಆದರೆ ಆ ಬ್ಯಾಕಪ್ ಸಂಸ್ಥೆಯ ಯಂತ್ರ ಕೆಟ್ಟಾಗ ಬಳಸುವುದಕ್ಕಾಗಿಯೇ ಹೊರತು, ಒಬ್ಬರ ಒಂದು ಟಿಪ್ಪಣಿಯನ್ನು ಹುಡುಕಿಕೊಡುವುದಕ್ಕಾಗಿ ಇಟ್ಟದ್ದಲ್ಲ. ಅಳಿಸದೆ ಮೇಲೆಯೇ ತಪ್ಪಾಗಿ ಬರೆದಿದ್ದರೆ ಕಸದಬುಟ್ಟಿಯಿಂದ ಪ್ರಯೋಜನವಿಲ್ಲ; ಆವೃತ್ತಿಗಳ ಇತಿಹಾಸ ಎಂಬ ಕಡೆ ಹುಡುಕಬೇಕು. ಗೂಗಲ್ ಡಾಕ್ಸ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ಗಳಲ್ಲಿ ಅದು ಇದೆ.

ಕನ್ನಡದ ಬರಹಕ್ಕೆ ವಿಶಿಷ್ಟವಾದ ಇನ್ನೊಂದು ತೊಡಕಿದೆ. ಹತ್ತಿಪ್ಪತ್ತು ವರ್ಷಗಳ ಹಿಂದೆ ನುಡಿ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಕಡತಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳನ್ನೇ ಬಳಸಿ, ಅಕ್ಷರವಿನ್ಯಾಸದಿಂದ ಮಾತ್ರ ಕನ್ನಡ ಕಾಣುವಂತೆ ಮಾಡಲಾಗುತ್ತಿತ್ತು. ಅಂತಹ ಕಡತವನ್ನು ಇಂದಿನ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಜಪಾನೀಯರಿಗೂ ಈ ಪೀಡೆ ಚೆನ್ನಾಗಿ ಗೊತ್ತು. ಅವರು ಇದನ್ನು ‘ಮೊಜಿಬಾಕೆ’ ಎನ್ನುತ್ತಾರೆ, ಅಕ್ಷರಗಳು ವೇಷ ಬದಲಿಸಿವೆ ಎಂಬ ಅರ್ಥದಲ್ಲಿ. ಕಡತ ಹಾಳಾಗಿದೆ ಎಂದು ಅದನ್ನು ಅಳಿಸಿದವರುಂಟು. ಕಡತ ನೆಟ್ಟಗಿದೆ, ಹಳೆಯ ಫಾಂಟನ್ನು ಅಳವಡಿಸಿ ಓದಬಹುದು, ಇಲ್ಲವೇ ಪರಿವರ್ತಕಗಳಿಂದ ಯೂನಿಕೋಡಿಗೆ ಬದಲಿಸಬಹುದು. ಅದನ್ನು ಮಾಡುವವರೆಗೆ ಮೂಲವನ್ನು ತೆರೆದು ಮತ್ತೆ ಉಳಿಸಲು ಹೋಗಬಾರದು. ಮೊದಲು ನಕಲು, ಆಮೇಲೆ ಪ್ರಯೋಗ. ಇಂತಹ ಕಡತ ಕನ್ನಡ ಪದದಿಂದ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡಿನಲ್ಲಿಯೂ ಅರ್ಕಾವೊತ್ತು ಬರುವ ಪದಗಳನ್ನು ಬೇರೆ ಕೀಲಿಮಣೆಯಲ್ಲಿ ಬೇರೆ ಬಗೆಯಲ್ಲಿ ಬರೆದಿದ್ದರೆ ಹುಡುಕಾಟ ತಪ್ಪುತ್ತದೆ. ದಿನಾಂಕದಿಂದ ಹುಡುಕುವುದು ಮೇಲು.

ವಿದೇಶದಲ್ಲಿರುವ ನಮ್ಮಂಥವರಿಗೆ ಟಿಪ್ಪಣಿಗಿಂತ ಖಾತೆಯೇ ಕೈತಪ್ಪುವ ಭಯ ಹೆಚ್ಚು. ಖಾತೆಯ ಗುರುತಿನ ಸಂಖ್ಯೆ ಬರುವುದು ಹಳೆಯ ಭಾರತದ ಸಿಮ್‌ಗೆ. ಆ ಸಿಮ್ ಬಳಸದೆ 90 ದಿನ ಕಳೆದರೆ ನಿಷ್ಕ್ರಿಯವಾಗಬಹುದು, ಆ ಸಂಖ್ಯೆ ಮುಂದೆ ಬೇರೆಯವರ ಪಾಲಾಗಲೂಬಹುದು. ಜಪಾನನ್ನು ಬಿಟ್ಟು ಹೊರಡುವವರು ಇಲ್ಲಿನ ಸಂಖ್ಯೆಯ ವಿಷಯದಲ್ಲಿಯೂ ಇದನ್ನು ನೆನಪಿಡಬೇಕು. ಎರಡು ವರ್ಷ ಯಾರೂ ಪ್ರವೇಶಿಸದ ಸ್ವಂತ ಗೂಗಲ್ ಖಾತೆಗಳನ್ನು ಅಳಿಸುವ ಕೆಲಸ 2023ರ ಡಿಸೆಂಬರಿನಲ್ಲಿ ಆರಂಭವಾಗಿದೆ. ಊರಿನಲ್ಲಿ ತೀರಿಕೊಂಡ ತಂದೆಯ ಖಾತೆಯಲ್ಲಿ ಏನೇನಿದೆಯೋ ಎಂದು ನಿಧಾನವಾಗಿ ನೋಡೋಣ ಎನ್ನುವವರಿಗೆ ಆ ಎರಡು ವರ್ಷ ಬೇಗ ಮುಗಿಯುತ್ತದೆ. ಬದುಕಿರುವಾಗಲೇ ವಾರಸುದಾರರನ್ನು ಸೂಚಿಸುವ ಏರ್ಪಾಡು ಗೂಗಲ್‌ನಲ್ಲಿ 2013ರಿಂದಲೂ ಆಪಲ್‌ನಲ್ಲಿ 2021ರಿಂದಲೂ ಇದೆ. ಹೊಲ ಮನೆಗಳ ಖಾತೆ ಬದಲಾವಣೆಗೆ ವರ್ಷಗಟ್ಟಲೆ ಓಡಾಡುವ ನಾವು ಈ ಹತ್ತು ನಿಮಿಷದ ಕೆಲಸವನ್ನು ಮುಂದೂಡುತ್ತೇವೆ.

ಸಂಸ್ಥೆಯೇ ಕಳೆದುಕೊಂಡರೆ? ಫುಕುವೋಕಾದ ಹಕಾತಾ ಬಂದರಿನಿಂದ ಸಮುದ್ರದಾಚೆ ಬುಸಾನ್ ಸುಮಾರು 200 ಕಿಲೋಮೀಟರ್. ಆ ದಕ್ಷಿಣ ಕೊರಿಯಾದ ದೆಜಾನ್ ನಗರದಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರಿ ದತ್ತಾಂಶ ಕೇಂದ್ರದ ಲಿಥಿಯಂ ಬ್ಯಾಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಚೇರಿಯ ಬರಹಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಕ್ಲೌಡ್ ಸುಟ್ಟುಹೋಯಿತು. ಸುಮಾರು 1,25,000 ನೌಕರರ 858 ಟೆರಾಬೈಟ್ ದತ್ತಾಂಶ ಅದರಲ್ಲಿತ್ತು. ಗಾತ್ರ ಬಹಳ ದೊಡ್ಡದು ಎಂಬ ಕಾರಣದಿಂದ ಅದಕ್ಕೆ ಹೊರಗೆಲ್ಲಿಯೂ ಬ್ಯಾಕಪ್ ಇರಲಿಲ್ಲ. ತಮ್ಮ ಗಣಕದಲ್ಲಿ ಇಡಬೇಡಿ, ಅಲ್ಲಿಯೇ ಇಡಿ ಎಂಬ ಸೂಚನೆಯನ್ನು ಹೆಚ್ಚು ನಿಷ್ಠೆಯಿಂದ ಪಾಲಿಸಿದ ಇಲಾಖೆಯೇ ಹೆಚ್ಚು ಕಳೆದುಕೊಂಡಿತು. ಬ್ಯಾಕಪ್ ಇದ್ದರೂ ಸಾಲದು ಎನ್ನುವುದಕ್ಕೆ ಕ್ಯೋಟೋ ವಿಶ್ವವಿದ್ಯಾಲಯದ ಉದಾಹರಣೆಯಿದೆ: 2021ರ ಡಿಸೆಂಬರಿನಲ್ಲಿ ಅಲ್ಲಿನ ಸೂಪರ್‌ಕಂಪ್ಯೂಟರಿನಲ್ಲಿ ಬ್ಯಾಕಪ್ ಮಾಡುವ ಆಜ್ಞಾವಳಿಯೇ ತಪ್ಪಾಗಿ ನಡೆದು 77 ಟೆರಾಬೈಟ್ ಸಂಶೋಧನಾ ದತ್ತಾಂಶವನ್ನು ಅಳಿಸಿಹಾಕಿತು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ತೊಕುಶಿಮಾ ಪ್ರಾಂತದ ಹಂದಾ ಆಸ್ಪತ್ರೆಯ ರೋಗಿಗಳ ದಾಖಲೆಗಳನ್ನು ಸುಲಿಗೆಕೋರರು ಗೂಢಲಿಪಿಗೆ ತಿರುಗಿಸಿ ಹಣ ಕೇಳಿದರು. ಬ್ಯಾಕಪ್ ಕೂಡ ಅದೇ ಜಾಲದಲ್ಲಿದ್ದುದರಿಂದ ಅದೂ ಹೋಯಿತು. ಎರಡು ತಿಂಗಳ ಕಾಲ ಆಸ್ಪತ್ರೆ ಕಾಗದದ ಮೇಲೆ ನಡೆಯಿತು. ರೋಗಿಗೆ ಯಾವ ಔಷಧಿ ಎಷ್ಟು ಕೊಟ್ಟಿತ್ತು ಎಂದು ರೋಗಿಯನ್ನೇ ಕೇಳಬೇಕಾಗಿ ಬರುವ ಸ್ಥಿತಿ ಎಂಥದು ಎಂಬುದನ್ನು ವೈದ್ಯನಾದವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಪ್ರತಿಗಳಲ್ಲಿ ಒಂದಾದರೂ ಜಾಲಕ್ಕೆ ತಗಲದೆ ಇರಬೇಕು. ಗೂಗಲ್‌ನ ಟೇಕ್‌ಔಟ್ ಎಂಬ ಸೌಲಭ್ಯದಿಂದ ಎಲ್ಲ ಟಿಪ್ಪಣಿಗಳನ್ನೂ ಇಳಿಸಿಕೊಳ್ಳಬಹುದು. ಆಪಲ್ ಸಂಸ್ಥೆಯ ಖಾಸಗಿತನದ ಪುಟದಿಂದಲೂ ಹಾಗೆಯೇ ಕೋರಬಹುದು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಇದನ್ನು ಮಾಡಿ ಒಂದು ಪೆನ್ ಡ್ರೈವ್‌ಗೆ ಹಾಕಿ, ತೆರೆದು ನೋಡಿ, ಕಪಾಟಿನಲ್ಲಿಟ್ಟರೆ ಸಾಕು. ತೆರೆದು ನೋಡುವುದನ್ನು ಮರೆಯಬಾರದು. ಓದಲು ಬಾರದ ಬ್ಯಾಕಪ್ ಇದ್ದೂ ಇಲ್ಲದಂತೆ. ತಂದೆತಾಯಿಗಳ ಔಷಧಿಗಳ ಪಟ್ಟಿ, ಅಲರ್ಜಿಯ ವಿವರ, ಹಿಂದಿನ ಶಸ್ತ್ರಚಿಕಿತ್ಸೆಯ ದಿನಾಂಕ ಇವನ್ನಂತೂ ಕಾಗದದಲ್ಲಿ ಮುದ್ರಿಸಿ ಒಂದು ಪ್ರತಿಯನ್ನು ಊರಿನ ಮನೆಯಲ್ಲಿಯೂ ಇರಿಸಬೇಕು. ಜಪಾನಿನಲ್ಲಿ ಔಷಧದಂಗಡಿಯವರು ಪ್ರತಿಯೊಬ್ಬರಿಗೂ ‘ಒಕುಸುರಿ ತೆಚೊ’ ಎಂಬ ಚಿಕ್ಕ ಪುಸ್ತಕವೊಂದನ್ನು ಕೊಟ್ಟು, ಪ್ರತಿ ಸಲವೂ ಕೊಟ್ಟ ಔಷಧಿಯ ಚೀಟಿಯನ್ನು ಅದರಲ್ಲಿ ಅಂಟಿಸುತ್ತಾರೆ. ಈಗ ಅದಕ್ಕೂ ಆ್ಯಪ್‌ಗಳು ಬಂದಿವೆ. ವಯಸ್ಸಾದ ರೋಗಿಗಳು ಬಹುಮಟ್ಟಿಗೆ ಪುಸ್ತಕವನ್ನೇ ತರುತ್ತಾರೆ. ತರಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ.