ಫಿಟ್ಸ್ ಮಾತ್ರೆ, ರಾಗಿ ಮುದ್ದೆ ಮತ್ತು ಮೂಳೆ

ಪ್ರಶ್ನೆ: ತಮ್ಮ ಹತ್ತು ವರ್ಷದಿಂದ ಫಿಟ್ಸ್ ಮಾತ್ರೆ ತಗೋತಿದ್ದಾನೆ. ಅದರಿಂದ ಮೂಳೆ ಸವೆಯುತ್ತದಂತೆ, ನಿಜವೇ? ದಿನಾ ಮುದ್ದೆ ಉಣ್ಣುವವರಿಗೂ ಈ ಭಯ ಇದೆಯೇ?
– ಓದುಗರು, ಅರಕಲಗೂಡು

ಉತ್ತರ: ಇದೆ. ಫಿನೈಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪೀನ್‌ನಂಥ ಹಳೆಯ ಔಷಧಿಗಳು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತವೆ. ಆ ಕಿಣ್ವಗಳು ವಿಟಮಿನ್ ಡಿಯನ್ನು ಬೇಗ ಒಡೆದುಹಾಕುತ್ತವೆ. ಡಿ ಇಳಿದರೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರದು. ಆಗ ದೇಹ ಮೂಳೆಯಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಫಿಟ್ಸ್ ಬಂದು ಬಿದ್ದಾಗ ಇಂಥ ಮೂಳೆ ಸುಲಭವಾಗಿ ಮುರಿಯುತ್ತದೆ.

ನಮ್ಮ ಸೀಮೆಯ ರಾಗಿ ದೊಡ್ಡ ಆಸರೆಯೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಅದು ಮುಖ್ಯವಾಗಿ ಬಿಸಿಲಿನಿಂದ ಬರಬೇಕು. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲೇ: ಮೂರ್ಛೆರೋಗ ಇದ್ದವರನ್ನು ಎಷ್ಟೋ ಮನೆಗಳಲ್ಲಿ ಹೊರಗೇ ಬಿಡುವುದಿಲ್ಲ. ಕೆರೆ, ಬಾವಿ, ಬೆಂಕಿಯ ಹತ್ತಿರ ಒಬ್ಬರೇ ಹೋಗಬಾರದು, ಸರಿ. ಜೊತೆಗೊಬ್ಬರಿದ್ದು ಬಿಸಿಲಲ್ಲಿ ನಡೆದಾಡಲು ಏನಡ್ಡಿ?

ಈ ಕಾಯಿಲೆ ಹಳ್ಳಿಗೆ ಅಪರೂಪವೂ ಅಲ್ಲ. ಬೆಂಗಳೂರು ಸುತ್ತ ನಿಮ್ಹಾನ್ಸ್ ನಡೆಸಿದ ಸಮೀಕ್ಷೆಯಲ್ಲಿ ಅದು ಪೇಟೆಗಿಂತ ಹಳ್ಳಿಯಲ್ಲಿ ಸುಮಾರು ಎರಡರಷ್ಟು ಕಂಡಿತ್ತು.

ಹೊಳೆನರಸೀಪುರ, ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆಯಲ್ಲೋ ಹಾಸನದ ಹಿಮ್ಸ್‌ನಲ್ಲೋ ವೈದ್ಯರಿಗೆ ಮಾತ್ರೆಯ ಚೀಟಿ ತೋರಿಸಿ, ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. 60,000 ಯೂನಿಟ್ಟಿನ ಡಿ ಪುಡಿಯನ್ನು ನೀವೇ ಕೊಂಡು ದಿನವೂ ಕೊಡಬೇಡಿ, ಅತಿಯಾದರೆ ಅಪಾಯ. ಮೂಳೆಯ ಭಯಕ್ಕೆ ಫಿಟ್ಸ್ ಮಾತ್ರೆಯನ್ನಂತೂ ಒಂದು ಹೊತ್ತೂ ತಪ್ಪಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಬಿಡದೆ ಬರುವ ಫಿಟ್ಸ್ ಪ್ರಾಣಕ್ಕೇ ಎರವಾಗಬಹುದು.