ಸಮ ಎತ್ತರದ ಸಾಲು, ಸರಿಯಾದ ಲೆಕ್ಕ

ಪ್ರತಿ ತಿಂಗಳ ಆರಂಭದಲ್ಲಿ ಕ್ಯಾಶ್ ಕ್ರೆಡಿಟ್ ಸೌಲಭ್ಯ ಪಡೆದಿರುವ ವ್ಯಾಪಾರಸ್ಥರ ಹಾಗೂ ಸಣ್ಣ ಉದ್ದಿಮೆದಾರರ ಕಚೇರಿಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಬ್ಯಾಂಕಿಗೆ ಸಲ್ಲಿಸಬೇಕಾದ ಸ್ಟಾಕ್ ಸ್ಟೇಟ್‌ಮೆಂಟ್ ಹಾಗೂ ಬಾಕಿದಾರರ ಪಟ್ಟಿಯನ್ನು ಲೆಕ್ಕದ ತಂತ್ರಾಂಶದಿಂದ ಎಕ್ಸೆಲ್‌ಗೆ ಇಳಿಸಿಕೊಂಡು, ತಿದ್ದಿ, ಮುದ್ರಿಸಿ, ಮಾಲೀಕರ ಸಹಿಗೆ ಇಡಲಾಗುತ್ತದೆ. ಹೀಗೆ ಇಳಿಸಿದ ಪಟ್ಟಿಯಲ್ಲಿ ಒಂದು ಸಾಲು ಎತ್ತರ, ಇನ್ನೊಂದು ಗಿಡ್ಡ. ಒಬ್ಬ ಗ್ರಾಹಕನ ವಿಳಾಸ ನಾಲ್ಕು ಪಂಕ್ತಿಗಳಲ್ಲಿ ಹರಡಿಕೊಂಡಿದ್ದರೆ ಮತ್ತೊಬ್ಬನ ಹೆಸರಿನ ಅರ್ಧಭಾಗ ಮಾಯವಾಗಿರುತ್ತದೆ. ಇದನ್ನು ಕೇವಲ ಅಂದಚೆಂದದ ಪ್ರಶ್ನೆಯೆಂದು ಭಾವಿಸಿ ಅನೇಕರು ನಿರ್ಲಕ್ಷಿಸುತ್ತಾರೆ. ವಾಸ್ತವದಲ್ಲಿ ಸಾಲುಗಳ ಎತ್ತರಕ್ಕೂ ಲೆಕ್ಕದ ಸತ್ಯಾಸತ್ಯತೆಗೂ ನಿಕಟ ಸಂಬಂಧವಿದೆ.

ಹಿಂದಿನ ಕಾಲದ ರಟ್ಟು ಹಾಕಿದ ಖಾತಾ ಪುಸ್ತಕದಲ್ಲಿ ಈ ಸಮಸ್ಯೆ ಇರಲಿಲ್ಲ. ಗೆರೆಗಳನ್ನು ಮುದ್ರಕನೇ ಸಮನಾಗಿ ಎಳೆದು ಕೊಡುತ್ತಿದ್ದನು. ಬರೆದದ್ದನ್ನು ಗುಮಾಸ್ತನು ಹೊಡೆದುಹಾಕಿದರೂ ಅದು ಕಣ್ಣಿಗೆ ಕಾಣುತ್ತಲೇ ಇರುತ್ತಿತ್ತು. ಎಕ್ಸೆಲ್‌ನ ಸಾಲಾದರೋ ಹಿಗ್ಗಬಲ್ಲದು, ಕುಗ್ಗಬಲ್ಲದು. ಎತ್ತರ ಸೊನ್ನೆಗೆ ಇಳಿದರೆ ಕಣ್ಮರೆಯೂ ಆಗಬಲ್ಲದು. ಕಣ್ಮರೆಯಾದರೂ ಅದರಲ್ಲಿನ ಮೊತ್ತ ಮಾತ್ರ ಲೆಕ್ಕದಲ್ಲಿ ಉಳಿದಿರುತ್ತದೆ.

ಏರುಪೇರಿಗೆ ಕಾರಣಗಳು

ಸಾಲಿನ ಎತ್ತರವನ್ನು ಎಕ್ಸೆಲ್ ‘ಪಾಯಿಂಟ್’ ಎಂಬ ಮಾನದಲ್ಲಿ ಅಳೆಯುತ್ತದೆ. 72 ಪಾಯಿಂಟ್‌ಗಳು ಸೇರಿದರೆ ಒಂದು ಅಂಗುಲ. ಕ್ಯಾಲಿಬ್ರಿ ಅಕ್ಷರಶೈಲಿ 11ರ ಗಾತ್ರದಲ್ಲಿದ್ದಾಗ ಸಾಮಾನ್ಯ ಸಾಲಿನ ಎತ್ತರ 15 ಪಾಯಿಂಟ್ ಇರುತ್ತದೆ. ಗರಿಷ್ಠ ಎತ್ತರ 409 ಪಾಯಿಂಟ್.

ಈ ಸಹಜ ಎತ್ತರ ಕೆಡಲು ಮುಖ್ಯವಾಗಿ ನಾಲ್ಕು ಕಾರಣಗಳಿವೆ. ಮೊದಲನೆಯದು ‘ವ್ರ್ಯಾಪ್ ಟೆಕ್ಸ್ಟ್’ ಸೌಲಭ್ಯ. ಇದನ್ನು ಬಳಸಿದಾಗ ಉದ್ದದ ಬರಹ ಕಾಲಂನ ಅಗಲಕ್ಕೆ ತಕ್ಕಂತೆ ಮಡಿಚಿಕೊಂಡು ಸಾಲನ್ನು ಎತ್ತರಿಸುತ್ತದೆ. ಎರಡನೆಯದು, ಸೆಲ್‌ನೊಳಗೆ ‘ಆಲ್ಟ್’ ಮತ್ತು ‘ಎಂಟರ್’ ಒತ್ತಿ ಮಾಡಿದ ಅಥವಾ ಬೇರೆ ತಂತ್ರಾಂಶದಿಂದ ವಿಳಾಸದ ಜೊತೆಗೇ ಬಂದ ಪಂಕ್ತಿಭೇದ. ಮೂರನೆಯದು, ಬೇರೆ ಬೇರೆ ಕಡತಗಳಿಂದ ನಕಲಿಸಿ ಅಂಟಿಸಿದಾಗ ಬೆರೆತುಹೋಗುವ ಅಕ್ಷರಗಾತ್ರಗಳು. ಕನ್ನಡದಲ್ಲಿ ಹೆಸರುಗಳನ್ನು ಬರೆಯುವ ಕಚೇರಿಗಳಲ್ಲಿ ಇದು ಇನ್ನೂ ಹೆಚ್ಚು. ಒತ್ತಕ್ಷರಗಳು ಗೆರೆಯ ಕೆಳಗೆ ಇಳಿಯುವುದರಿಂದ ಕನ್ನಡಕ್ಕೆ ಹೆಚ್ಚಿನ ಎತ್ತರ ಬೇಕಾಗುತ್ತದೆ. ನಾಲ್ಕನೆಯದು, ಮೌಸ್‌ನಿಂದ ಸಾಲಿನ ಅಂಚನ್ನು ಎಳೆದು ಮಾಡಿದ ಬದಲಾವಣೆ, ಅರಿತು ಮಾಡಿದ್ದಾಗಲಿ ಅರಿಯದೆ ಮಾಡಿದ್ದಾಗಲಿ.

ಸಮಗೊಳಿಸುವ ವಿಧಾನ

ವಿಧಾನ ಅತ್ಯಂತ ಸುಲಭ. ಹಾಳೆಯ ಎಡ ಮೇಲ್ತುದಿಯಲ್ಲಿ, ಸಾಲುಗಳ ಅಂಕಿ ಹಾಗೂ ಕಾಲಂಗಳ ಅಕ್ಷರ ಸಂಧಿಸುವ ಮೂಲೆಯಲ್ಲಿರುವ ಚಿಕ್ಕ ತ್ರಿಕೋನದ ಮೇಲೆ ಕ್ಲಿಕ್ ಮಾಡಿದರೆ ಇಡೀ ಹಾಳೆ ಆಯ್ಕೆಯಾಗುತ್ತದೆ. ನಂತರ ‘ಹೋಮ್’ ಪಟ್ಟಿಯ ‘ಫಾರ್ಮ್ಯಾಟ್’ ಎಂಬಲ್ಲಿ ‘ರೋ ಹೈಟ್’ ಆರಿಸಿ, ಬೇಕಾದ ಅಂಕಿಯನ್ನು ಬರೆದು ‘ಓಕೆ’ ಒತ್ತಿದರೆ ಎಲ್ಲ ಸಾಲುಗಳೂ ಒಂದೇ ಎತ್ತರಕ್ಕೆ ಬರುತ್ತವೆ. ‘ಆಲ್ಟ್’ ಒತ್ತಿ ಅನುಕ್ರಮವಾಗಿ ‘ಎಚ್’, ‘ಓ’, ‘ಎಚ್’ ಕೀಲಿಗಳನ್ನು ಒತ್ತಿದರೂ ಅದೇ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿಯೂ ಗೂಗಲ್ ಶೀಟ್ಸ್‌ನಲ್ಲಿಯೂ ಇದೇ ಸೌಲಭ್ಯವಿದೆ. ಗೂಗಲ್ ಶೀಟ್ಸ್ ಮಾತ್ರ ಎತ್ತರವನ್ನು ಪಾಯಿಂಟ್ ಬದಲು ಪಿಕ್ಸೆಲ್‌ಗಳಲ್ಲಿ ಕೇಳುತ್ತದೆ.

ಯಾವ ಅಂಕಿಯನ್ನು ಆರಿಸಬೇಕು? ಎ4 ಕಾಗದದ ಉದ್ದ ಸುಮಾರು 842 ಪಾಯಿಂಟ್. ಮೇಲೆ ಕೆಳಗೆ ಮುಕ್ಕಾಲು ಅಂಗುಲದಂತೆ, ಅಂದರೆ 54 ಪಾಯಿಂಟ್‌ನಂತೆ, ಅಂಚು ಬಿಟ್ಟರೆ ಉಳಿಯುವುದು 734 ಪಾಯಿಂಟ್. ಮುದ್ರಣವನ್ನು ಹಿಗ್ಗಿಸದೆ ಕುಗ್ಗಿಸದೆ ಇಟ್ಟರೆ, 15 ಪಾಯಿಂಟ್ ಎತ್ತರದಲ್ಲಿ ಪುಟಕ್ಕೆ 48 ಸಾಲು, 18 ಪಾಯಿಂಟ್ ಎತ್ತರದಲ್ಲಿ 40 ಸಾಲು ಹಿಡಿಸುತ್ತವೆ. ಕೈಯಲ್ಲಿ ಟಿಕ್ ಹಾಕಿ ಪರಿಶೀಲಿಸುವವರಿಗೆ 18 ಅನುಕೂಲ. ಪ್ರತಿ ಪುಟದಲ್ಲಿಯೂ ಅಷ್ಟೇ ಸಾಲುಗಳಿದ್ದರೆ ಪುಟದ ಮೊತ್ತವನ್ನು ಮುಂದಿನ ಪುಟಕ್ಕೆ ಸಾಗಿಸುವ ಹಳೆಯ ಪದ್ಧತಿಯನ್ನು ಇಲ್ಲಿಯೂ ಪಾಲಿಸಬಹುದು.

ಮೊದಲ ಎಚ್ಚರ: ಕತ್ತರಿಸಿಹೋಗುವ ಬರಹ

ಕೈಯಿಂದ ಎತ್ತರ ನಿಗದಿಪಡಿಸಿದ ಮೇಲೆ ಆ ಸಾಲು ತಾನಾಗಿ ಹಿಗ್ಗುವುದಿಲ್ಲ. ಎರಡು ಪಂಕ್ತಿಗಳ ಷರಾ ಇದ್ದ ಸೆಲ್‌ನಲ್ಲಿ ಒಂದು ಪಂಕ್ತಿ ಮಾತ್ರ ಕಾಣಿಸಿ ಮತ್ತೊಂದು ಮರೆಯಾಗುತ್ತದೆ. ‘ಬಾಕಿ ಇದೆ’ ಎಂಬುದು ಕಂಡು ‘ಮಾಲು ವಾಪಸಾಗಿದೆ’ ಎಂಬುದು ಕಾಣದೆ ಹೋದರೆ ಓದುವವರಿಗೆ ತಪ್ಪು ಅರ್ಥವಾಗುವುದು ಸಹಜ. ಆದ್ದರಿಂದ ಮೊದಲು ‘ಆಟೋಫಿಟ್ ರೋ ಹೈಟ್’ ಬಳಸಿ ಪ್ರತಿ ಸಾಲು ತನ್ನ ಬರಹಕ್ಕೆ ತಕ್ಕಷ್ಟು ಎತ್ತರವಾಗಲು ಬಿಡಬೇಕು. ಯಾವ ಸಾಲುಗಳು ಎದ್ದು ನಿಲ್ಲುತ್ತವೆಯೋ ಅವುಗಳ ಷರಾವನ್ನು ಚಿಕ್ಕದಾಗಿಸಿ ಅಥವಾ ಕಾಲಂ ಅಗಲ ಮಾಡಿ, ಅನಂತರವೇ ಸಮ ಎತ್ತರ ನೀಡಬೇಕು. ವಿಳಾಸಗಳಲ್ಲಿನ ಪಂಕ್ತಿಭೇದಗಳನ್ನು ತೆಗೆಯಲು ‘ಕಂಟ್ರೋಲ್’ ಮತ್ತು ‘ಎಚ್’ ಒತ್ತಿ, ಹುಡುಕುವ ಜಾಗದಲ್ಲಿ ‘ಕಂಟ್ರೋಲ್’ ಮತ್ತು ‘ಜೆ’ ಒತ್ತಿ, ಬದಲಿ ಜಾಗದಲ್ಲಿ ಒಂದು ಖಾಲಿ ಅಂತರ ಕೊಟ್ಟರೆ ಸಾಕು. ವಿಲೀನಗೊಳಿಸಿದ ಸೆಲ್‌ಗಳಲ್ಲಿ ಆಟೋಫಿಟ್ ಕೆಲಸ ಮಾಡುವುದಿಲ್ಲ. ಅವುಗಳನ್ನು ಕಣ್ಣಿನಿಂದಲೇ ನೋಡಿ ಸರಿಪಡಿಸಬೇಕಾಗುತ್ತದೆ.

ಎರಡನೆಯ ಎಚ್ಚರ: ಮರೆಯಲ್ಲಿದ್ದ ಸಾಲುಗಳು

ಇಡೀ ಹಾಳೆಗೆ ಒಂದೇ ಎತ್ತರ ಕೊಟ್ಟಾಗ, ‘ಹೈಡ್’ ಮಾಡಿದ್ದ ಸಾಲುಗಳೂ ಆ ಎತ್ತರವನ್ನು ಪಡೆದು ಹೊರಗೆ ಬರುತ್ತವೆ. ಇದರ ಪರಿಣಾಮ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ನ್ಯೂಯಾರ್ಕಿನಲ್ಲಿ 2008ರಲ್ಲಿ ನಡೆದ ಪ್ರಸಂಗವೇ ಸಾಕ್ಷಿ.

ಲೇಮನ್ ಬ್ರದರ್ಸ್ ಸಂಸ್ಥೆಯು 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಸಲ್ಲಿಸಿತು. ಅದರ ವ್ಯವಹಾರದ ಒಂದು ಭಾಗವನ್ನು ಕೊಳ್ಳಲು ಬಾರ್ಕ್ಲೇಸ್ ಬ್ಯಾಂಕ್ ಮುಂದಾಯಿತು. ಯಾವ ಯಾವ ಕರಾರುಗಳನ್ನು ತಾನು ವಹಿಸಿಕೊಳ್ಳುತ್ತದೆ ಎಂಬ ಪಟ್ಟಿಯನ್ನು ಸೆಪ್ಟೆಂಬರ್ 18ರ ನಡುರಾತ್ರಿಯೊಳಗೆ ಒದಗಿಸಬೇಕಾಗಿತ್ತು. ಸುಮಾರು 1,000 ಸಾಲುಗಳೂ 24,000ಕ್ಕೂ ಹೆಚ್ಚು ಸೆಲ್‌ಗಳೂ ಇದ್ದ ಎಕ್ಸೆಲ್ ಕಡತ ಆ ರಾತ್ರಿ ವಕೀಲರ ಕಚೇರಿಗೆ ತಲುಪಿತು. ಬೇಡವಾದ ಕರಾರುಗಳನ್ನು ಅದರಲ್ಲಿ ಅಳಿಸಿರಲಿಲ್ಲ, ಮರೆಮಾಡಿದ್ದರು ಅಷ್ಟೆ. ಇದನ್ನರಿಯದ ಒಬ್ಬ ಕಿರಿಯ ವಕೀಲರು ಕಡತವನ್ನು ಪಿಡಿಎಫ್ ರೂಪಕ್ಕೆ ತರುವ ಮುನ್ನ ಸಾಲುಗಳ ಅಳತೆಯನ್ನು ಒಟ್ಟಾಗಿ ಬದಲಿಸಿದರು. ಮರೆಯಲ್ಲಿದ್ದ ಸಾಲುಗಳು ಹೊರಬಂದವು. 179 ಕರಾರುಗಳು ಪಟ್ಟಿಯೊಳಗೆ ಸೇರಿಕೊಂಡವು. ತಪ್ಪು ತಿಳಿದ ಮೇಲೆ ಅವುಗಳನ್ನು ಕೈಬಿಡಲು ಅನುಮತಿ ಕೋರಿ ಅಕ್ಟೋಬರ್ ತಿಂಗಳಲ್ಲಿ ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಯಾರಲ್ಲಿಯೂ ದುರುದ್ದೇಶವಿರಲಿಲ್ಲ. ಒಬ್ಬರು ಮರೆಮಾಡುವುದನ್ನೇ ತೆಗೆದುಹಾಕುವುದೆಂದು ಭಾವಿಸಿದರು. ಮತ್ತೊಬ್ಬರು ಕಣ್ಣಿಗೆ ಕಂಡದ್ದೇ ಪೂರ್ಣ ಪಟ್ಟಿಯೆಂದು ನಂಬಿದರು.

ಸಣ್ಣ ಉದ್ದಿಮೆಯಲ್ಲಿ ಇದರ ಅರ್ಥ

ಇಂತಹ ತಪ್ಪು ನಡೆಯಲು ದೊಡ್ಡ ಬ್ಯಾಂಕೇ ಆಗಬೇಕೆಂದಿಲ್ಲ. ಉದಾಹರಣೆಗೆ, ಪೀಣ್ಯದ ಒಬ್ಬ ಬಿಡಿಭಾಗ ತಯಾರಕರ ಬಾಕಿದಾರರ ಪಟ್ಟಿಯಲ್ಲಿ 40 ಹೆಸರುಗಳಿದ್ದು, ಒಟ್ಟು ಬಾಕಿ 62,40,000 ರೂಪಾಯಿ ಇದೆಯೆಂದು ಭಾವಿಸಬಹುದು. ಇವರಲ್ಲಿ ಮೂವರ ಬಾಕಿ 90 ದಿನ ಮೀರಿದ್ದು, ಬ್ಯಾಂಕಿನ ಷರತ್ತಿನಂತೆ ಅದನ್ನು ಡ್ರಾಯಿಂಗ್ ಪವರ್‌ಗೆ ಪರಿಗಣಿಸುವಂತಿಲ್ಲ. ಆ ಮೂವರ ಬಾಕಿ 4,85,000 ರೂಪಾಯಿ. ಗುಮಾಸ್ತನು ಆ ಮೂರು ಸಾಲುಗಳನ್ನು ಅಳಿಸದೆ ‘ಹೈಡ್’ ಮಾಡುತ್ತಾನೆ. ಪಟ್ಟಿಯಲ್ಲಿ ಕಾಣುವುದು 37 ಹೆಸರು, 57,55,000 ರೂಪಾಯಿ. ಆದರೆ ಕೆಳಗಿರುವ ‘ಸಮ್’ ಸೂತ್ರ ಮರೆಯಲ್ಲಿರುವುದನ್ನೂ ಕೂಡಿಸುವುದರಿಂದ ಮೊತ್ತ 62,40,000 ಎಂದೇ ಮುದ್ರಣವಾಗುತ್ತದೆ. ಶೇಕಡಾ 25ರ ಮಾರ್ಜಿನ್ ಕಳೆದರೂ ಡ್ರಾಯಿಂಗ್ ಪವರ್ 3,63,750 ರೂಪಾಯಿಗಳಷ್ಟು ಹೆಚ್ಚಾಗಿ ಕಾಣುತ್ತದೆ. ಬ್ಯಾಂಕಿನ ಅಧಿಕಾರಿ ಹೆಸರುಗಳ ಮುಂದಿನ ಮೊತ್ತಗಳನ್ನು ಕೂಡಿ ನೋಡಿದ ದಿನ, ಅದು ಗುಮಾಸ್ತನ ಅಜ್ಞಾನವೆಂದು ನಂಬಿಸುವ ಹೊಣೆ ಸಹಿ ಮಾಡಿದ ಮಾಲೀಕರ ಮೇಲೆ ಬೀಳುತ್ತದೆ.

ಚಾಲ್ತಿ ಆಸ್ತಿಗಳ ಭದ್ರತೆಯ ಮೇಲೆ ಒಟ್ಟು 5 ಕೋಟಿ ರೂಪಾಯಿಗಿಂತ ಹೆಚ್ಚಿನ ದುಡಿಯುವ ಬಂಡವಾಳದ ಮಿತಿ ಪಡೆದ ಕಂಪನಿಗಳ ವಿಷಯದಲ್ಲಿ ಇದು ಮತ್ತೂ ಗಂಭೀರ. ಬ್ಯಾಂಕಿಗೆ ಸಲ್ಲಿಸಿದ ತ್ರೈಮಾಸಿಕ ತಪಶೀಲುಗಳು ಲೆಕ್ಕಪುಸ್ತಕಗಳೊಂದಿಗೆ ತಾಳೆಯಾಗುತ್ತವೆಯೇ ಎಂಬುದನ್ನು, ಕಂಪನಿಗಳ ಲೆಕ್ಕಪರಿಶೋಧಕರ ವರದಿ ಕುರಿತ 2020ರ ಆದೇಶ ಅನ್ವಯವಾಗುವಲ್ಲೆಲ್ಲ, ಪರಿಶೋಧಕರು ತಮ್ಮ ವರದಿಯಲ್ಲಿ ಹೇಳಲೇಬೇಕು. ಮರೆಯಾದ ಒಂದು ಸಾಲು ಹೀಗೆ ವಾರ್ಷಿಕ ವರದಿಯವರೆಗೂ ಹಿಂಬಾಲಿಸಬಲ್ಲದು.

ಇನ್ನೊಂದು ಬಗೆಯ ಅಪಾಯವೂ ಉಂಟು. ಗ್ರಾಹಕರಿಗೆ ಇಮೇಲ್‌ನಲ್ಲಿ ಕಳುಹಿಸುವ ದರಪಟ್ಟಿಯಲ್ಲಿ ಖರೀದಿ ಬೆಲೆಯ ಸಾಲುಗಳನ್ನು ಮರೆಮಾಡಿ ಕಡತವನ್ನೇ ಕಳುಹಿಸುವ ಅಭ್ಯಾಸ ಅನೇಕರಲ್ಲಿದೆ. ಅದನ್ನು ಪಡೆದವರು ಓದಲು ಅನುಕೂಲವಾಗಲೆಂದು ಸಾಲುಗಳನ್ನು ಸಮಗೊಳಿಸಿದ ಕ್ಷಣದಲ್ಲಿ ವ್ಯಾಪಾರದ ಗುಟ್ಟು ಅವರ ಮುಂದೆ ತೆರೆದುಕೊಳ್ಳುತ್ತದೆ.

ಪಾಲಿಸಬೇಕಾದ ಕ್ರಮ

ಮೇಲಿನ ಎರಡು ಎಚ್ಚರಗಳನ್ನು ಒಂದು ಸರಳ ಕ್ರಮಕ್ಕೆ ಇಳಿಸಬಹುದು.

1. ಮೂಲ ಕಡತವನ್ನು ಹಾಗೆಯೇ ಉಳಿಸಿ, ಅದರ ಪ್ರತಿಯಲ್ಲಿ ಮಾತ್ರ ಕೆಲಸ ಮಾಡಬೇಕು.

2. ‘ಫಿಲ್ಟರ್’ ಹಾಕಿದ್ದರೆ ಮೊದಲು ತೆಗೆಯಬೇಕು.

3. ‘ಸಮ್’ ಮೊತ್ತದ ಕೆಳಗಿನ ಸೆಲ್‌ನಲ್ಲಿ, ಅದೇ ಸಾಲುಗಳಿಗೆ ಅನ್ವಯಿಸುವಂತೆ, ‘ಸಬ್‌ಟೋಟಲ್’ ಸೂತ್ರವನ್ನು 109 ಎಂಬ ಸಂಖ್ಯೆಯೊಂದಿಗೆ ಬರೆಯಬೇಕು. ಇದು ಮರೆಮಾಡಿದ ಸಾಲುಗಳನ್ನು ಬಿಟ್ಟು ಉಳಿದವುಗಳನ್ನು ಮಾತ್ರ ಕೂಡಿಸುತ್ತದೆ. 109ರ ಬದಲು 9 ಎಂದು ಬರೆದರೆ ಕೈಯಿಂದ ಮರೆಮಾಡಿದ ಸಾಲುಗಳೂ ಮೊತ್ತಕ್ಕೆ ಸೇರಿಬಿಡುತ್ತವೆ. ಎರಡು ಮೊತ್ತಗಳ ನಡುವೆ ವ್ಯತ್ಯಾಸ ಕಂಡರೆ, ಅಷ್ಟು ಹಣ ಮರೆಯಲ್ಲಿರುವ ಸಾಲುಗಳಲ್ಲಿದೆ ಎಂದೇ ಅರ್ಥ.

4. ಆಟೋಫಿಟ್ ಮಾಡಿ, ಉದ್ದದ ಷರಾಗಳನ್ನು ಸರಿಪಡಿಸಿ, ನಂತರ ಇಡೀ ಹಾಳೆಗೆ ಸಮ ಎತ್ತರ ಕೊಡಬೇಕು. ಆಗ ಎರಡೂ ಮೊತ್ತಗಳು ಒಂದೇ ಆಗಬೇಕು. ಎಡಬದಿಯ ಸಾಲುಸಂಖ್ಯೆಗಳೂ ಎಲ್ಲಿಯೂ ತಪ್ಪದೆ ಅನುಕ್ರಮವಾಗಿರಬೇಕು.

5. ಹೊರಬಂದ ಪ್ರತಿ ಸಾಲನ್ನೂ ಮಾಲೀಕರೇ ನೋಡಿ ತೀರ್ಮಾನಿಸಬೇಕು: ಲೆಕ್ಕಕ್ಕೆ ಸೇರುವುದಾದರೆ ಕಾಣುವಂತೆ ಇರಲಿ, ಸೇರದಿದ್ದರೆ ಪ್ರತಿಯಿಂದ ಪೂರ್ತಿ ಅಳಿಸಲಿ ಅಥವಾ ‘90 ದಿನ ಮೀರಿದ ಬಾಕಿ’ ಎಂಬ ಶೀರ್ಷಿಕೆಯಡಿ ಬೇರೆಯಾಗಿ ತೋರಿಸಲಿ.

6. ಹೊರಗೆ ಕಳುಹಿಸುವ ಮುನ್ನ ‘ಡಾಕ್ಯುಮೆಂಟ್ ಇನ್‌ಸ್ಪೆಕ್ಟರ್’ ಮೂಲಕ ಮರೆಯಾದ ಸಾಲು ಹಾಗೂ ಕಾಲಂಗಳಿವೆಯೇ ಎಂದು ಪರೀಕ್ಷಿಸಬೇಕು. ಎಕ್ಸೆಲ್ 2007ರಿಂದ ಈ ಸೌಲಭ್ಯ ಲಭ್ಯವಿದೆ.

ಈ ಕೆಲಸಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕಾಗದು. ಹೊಸ ತಂತ್ರಾಂಶವಾಗಲಿ ಪರಿಣತರಾಗಲಿ ಬೇಕಿಲ್ಲ. ಗುಮಾಸ್ತರಿಗೆ ಒಮ್ಮೆ ತೋರಿಸಿಕೊಟ್ಟು, ಪ್ರತಿ ತಿಂಗಳೂ ಮಾಲೀಕರು ಸಹಿ ಹಾಕುವ ಮುನ್ನ ಎರಡು ಮೊತ್ತಗಳನ್ನು ಕೇಳುವ ರೂಢಿ ಇಟ್ಟುಕೊಂಡರೆ ಸಾಕು. ಗೆರೆ ಎಳೆದ ಖಾತಾ ಪುಸ್ತಕ ತಾನಾಗಿ ಒದಗಿಸುತ್ತಿದ್ದ ಭದ್ರತೆಯನ್ನು ಗಣಕಯಂತ್ರದ ಹಾಳೆಯಲ್ಲಿ ಬಳಸುವವರೇ ನಿರ್ಮಿಸಿಕೊಳ್ಳಬೇಕಾಗಿದೆ. ಕಾಗದದ ಮೇಲೆ ಕಾಣುವ ಸಾಲುಗಳನ್ನು ಕೂಡಿದರೆ ಕೆಳಗಿನ ಮೊತ್ತ ಬರುವಂತಿದ್ದರೆ ಮಾತ್ರ ಆ ಪಟ್ಟಿ ಸಹಿಗೆ ಅರ್ಹವೆನಿಸುತ್ತದೆ.