ಭ್ರಮೆ ಹುಟ್ಟಿಸುವ ಮದ್ದು: ಮನೋರೋಗಕ್ಕೆ ವರವೆ, ವಿಷವೆ?

ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರಿಗೆ ಆಳವೆಂದರೇನೆಂದು ಹೇಳಿಕೊಡಬೇಕಾಗಿರಲಿಲ್ಲ. ನಂದಿದುರ್ಗ, ಮೈಸೂರು, ಚಾಂಪಿಯನ್ ರೀಫ್ ಎಂಬ ಹೆಸರಾಂತ ಗಣಿಗಳಲ್ಲಿ ಕಡೆಯದು 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಬಂಡೆ ಸಿಡಿದು ಜೊತೆಗಾರರು ಕಣ್ಣೆದುರೇ ಮಡಿದದ್ದನ್ನು ಕಂಡವರು ಅಲ್ಲಿದ್ದರು. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಸಾವಿರಾರು ಮಂದಿ ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ಕೆಲಸ ಅರಸಿ ಹೋಗಿಬರುವಂತಾಯಿತು. ಮೈಗಾದ ಗಾಯ ಕಣ್ಣಿಗೆ ಕಾಣುತ್ತದೆ. ಮನಸ್ಸಿಗಾದ ಗಾಯ ಕಾಣದು. ಬಳಕೆಯಲ್ಲಿರುವ ಔಷಧಗಳಿಂದ ಗುಣ ಕಾಣದ ಖಿನ್ನರೂ ಉಂಟು. ಅಂಥವರ ಮನೆಯವರ ಕಿವಿಗೆ ಈಗ ಹೊಸದೊಂದು ಸುದ್ದಿ ಬಿದ್ದಿದೆ: ಭ್ರಮೆ ಹುಟ್ಟಿಸುವ ವಸ್ತುಗಳೇ ಮನೋರೋಗಕ್ಕೆ ಮದ್ದಾಗಬಹುದಂತೆ!

ಸುದ್ದಿ ಹೊಸದಾದರೂ ಸಂಗತಿ ಹಳೆಯದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆಲ್ಬರ್ಟ್ ಹಾಫ್‌ಮನ್ ಎಂಬ ರಸಾಯನಜ್ಞರು 1938ರಲ್ಲಿ ಎಲ್‌ಎಸ್‌ಡಿಯನ್ನು ತಯಾರಿಸಿದರು. ಅದರ ವಿಚಿತ್ರ ಗುಣ 1943ರಲ್ಲಿ ಅವರ ಅನುಭವಕ್ಕೇ ಬಂತು. ಮುಂದಿನ ದಶಕದಲ್ಲಿ ಮನೋವೈದ್ಯರು ಅದನ್ನು ಚಿಕಿತ್ಸೆಗೆ ಪ್ರಯೋಗಿಸಿದರು. ಆದರೆ ಅದು ಆಸ್ಪತ್ರೆಯ ಹೊಸ್ತಿಲು ದಾಟಿ ಬೀದಿಗಿಳಿಯಿತು. 1971ರ ವಿಶ್ವಸಂಸ್ಥೆಯ ಒಡಂಬಡಿಕೆ ಅದಕ್ಕೆ ಕಟ್ಟುನಿಟ್ಟಿನ ಕಡಿವಾಣ ಹಾಕಿತು.

ಈಚಿನ ವರ್ಷಗಳಲ್ಲಿ ಸಂಶೋಧನೆ ಮತ್ತೆ ಚಿಗುರಿದೆ. ಕೆಲವು ಜಾತಿಯ ಅಣಬೆಗಳಲ್ಲಿರುವ ಸೈಲೋಸಿಬಿನ್ ಖಿನ್ನತೆಯನ್ನು ಇಳಿಸಬಲ್ಲದೆಂದು ಹಲವು ಪ್ರಯೋಗಗಳು ತೋರಿಸಿವೆ. 2023ರ ಜುಲೈನಿಂದ ಆಸ್ಟ್ರೇಲಿಯವು, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಅದನ್ನು ನೀಡಲು ಅಧಿಕಾರ ಪಡೆದ ಮನೋವೈದ್ಯರಿಗೆ ಸಮ್ಮತಿಸಿದೆ. ಇಲ್ಲಿ ಗುಳಿಗೆಯೊಂದೇ ಚಿಕಿತ್ಸೆಯಲ್ಲ. ಮೊದಲು ಸಿದ್ಧತೆ, ಮದ್ದಿನ ಹೊತ್ತಿನಲ್ಲಿ ಗಂಟೆಗಟ್ಟಲೆ ಬಳಿಯಲ್ಲಿರುವ ಚಿಕಿತ್ಸಕರು, ಬಳಿಕ ಸಮಾಲೋಚನೆ ಎಲ್ಲವೂ ಸೇರಿವೆ. ಇದೇ ವರ್ಗಕ್ಕೆ ಸೇರಿಸಲಾಗುವ ಎಂಡಿಎಂಎಯ ಅರ್ಜಿಯನ್ನಾದರೋ ಅಮೆರಿಕದ ಔಷಧ ನಿಯಂತ್ರಕರು 2024ರಲ್ಲಿ ಮನ್ನಿಸಲಿಲ್ಲ. ಇನ್ನಷ್ಟು ಪುರಾವೆ ಬೇಕೆಂದರು. ರೋಗಿಗೆ ತಾನು ಸೇವಿಸಿದ್ದು ಮದ್ದೋ ಬರಿಯ ಪುಡಿಯೋ ಎಂಬುದು ತಿಳಿದುಬಿಡುವುದರಿಂದ ಇಂಥ ಪ್ರಯೋಗಗಳ ಫಲವನ್ನು ಅಳೆಯುವುದು ಕಷ್ಟ.

ಅಪಾಯಗಳೂ ಸಣ್ಣವಲ್ಲ. ತೀವ್ರ ಭಯ, ದಿಗ್ಭ್ರಮೆ, ರಕ್ತದೊತ್ತಡದ ಏರಿಕೆ ಉಂಟಾಗಬಹುದು. ತಮಗಾಗಲಿ ಮನೆತನದವರಿಗಾಗಲಿ ಚಿತ್ತವಿಕಲತೆ ಇದ್ದವರಿಗೆ ಅದು ಕೆರಳುವ ಭೀತಿಯುಂಟು. ಕಾಡಿನ ಅಣಬೆಯನ್ನು ತಾವೇ ಆಯ್ದು ತಿಂದರೆ ವಿಷದ ಅಣಬೆ ಪ್ರಾಣವನ್ನೇ ತೆಗೆದೀತು.

ನಮ್ಮ ಸರ್ಪಗಂಧದ ಕಥೆಯೂ ಇಲ್ಲಿ ನೆನೆಯತಕ್ಕದ್ದು. ಅದರ ಬೇರಿನಿಂದ 1952ರಲ್ಲಿ ಅದೇ ಬಾಸೆಲ್‌ನಲ್ಲಿ ಬೇರ್ಪಡಿಸಿದ ರಿಸರ್ಪಿನ್ ಮನೋರೋಗಕ್ಕೆ ಅದ್ಭುತ ಮದ್ದೆನಿಸಿತು. ಆಮೇಲೆ ಕೆಲವರಲ್ಲಿ ಖಿನ್ನತೆ ತಂದಿತೆಂಬ ವರದಿಗಳು ಬಂದುವು; ಉತ್ತಮ ಔಷಧಗಳೂ ಬಂದುವು; ಅದು ಹಿಂದೆ ಸರಿಯಿತು.

ಭಾರತದಲ್ಲಿ 1985ರ ಮಾದಕ ವಸ್ತು ಕಾಯಿದೆಯ ಪ್ರಕಾರ ಎಲ್‌ಎಸ್‌ಡಿ, ಸೈಲೋಸಿಬಿನ್‌ಗಳನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಅರಿವಳಿಕೆಯಾಗಿ ಹಳೆಯದಾದ ಕೆಟಮಿನ್ ಮಾತ್ರ, ವೈದ್ಯರ ಕಣ್ಗಾವಲಿನಲ್ಲಿ, ಕಠಿನ ಖಿನ್ನತೆಗೂ ಬಳಕೆಯಾಗುತ್ತಿದೆ. ಗುಣ ಕಾಣದ ರೋಗಿಯನ್ನು ಮನೆಯವರು ಕೈಬಿಡಬೇಕಾಗಿಲ್ಲ. ಸೇವಿಸುತ್ತಿರುವ ಔಷಧವನ್ನು ತಾವಾಗಿ ನಿಲ್ಲಿಸಲೂಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಚಿಕಿತ್ಸೆಯನ್ನು ಮರುಪರಿಶೀಲಿಸಿಕೊಳ್ಳಬಹುದು. 14416ಕ್ಕೆ ದೂರವಾಣಿ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಲಹೆ ಉಚಿತವಾಗಿ ದೊರೆಯುತ್ತದೆ. ಹೊಸ ಮದ್ದು ಪರೀಕ್ಷೆಯಲ್ಲಿ ಗೆದ್ದು ಬರುವವರೆಗೆ ಕಾಯುವುದೇ ವಿವೇಕ. ಆದರೆ ಕಾಯುವವರೆಗೆ ರೋಗಿಯನ್ನು ಒಂಟಿಯಾಗಿ ಬಿಡುವುದು ವಿವೇಕವಲ್ಲ.